ಹುಟ್ಟಿಗೊಂದು ಹೊತ್ತಿಗೆ



ಇವತ್ತಿನ ನನ್ನ ವಿಷಯ ಅಡುಗೆಮನೆಯ ಕಟ್ಟಿಗೆ ಹುಟ್ಟು. ಅದನ್ನು ಕೆತ್ತುವವರು, ಕೂಡಿಡುವವರು, ಅದರ ಮೇಲೆ ಬೇರೆ ಬೇರೆ ದೇಶಗಳಲ್ಲಿ ಬಂದ ಪುಸ್ತಕಗಳು, ಮತ್ತು ನಮ್ಮ ಸೀಮೆಯಿಂದ ಬರಬೇಕಾಗಿರುವ ಒಂದು ಪುಸ್ತಕ. ದತ್ತಿ ಉಪನ್ಯಾಸವೆಂದರೆ ಶಾಸನ, ವಚನ, ಏಕೀಕರಣ ಎಂದು ಕೇಳಿ ರೂಢಿಯಿರುವ ಸಭೆ ಇದು. ಅವೆಲ್ಲ ಈ ಮಾತಿನ ಒಳಗೇ ಬರುತ್ತವೆ. ನಾನು ಹೇಳಬೇಕೆಂದಿರುವುದು ಇಷ್ಟೆ: ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕಿನ ಹುಟ್ಟುಗಳನ್ನು ಕೂಡಿಡುವ ಮೊದಲು ಬರೆದಿಡಬೇಕು. ಯಾವ ಗಿಡದ್ದು, ಯಾರು ಕೆತ್ತಿದ್ದು, ಯಾವ ಗಡಿಗೆಯಲ್ಲಿ ಆಡಿದ್ದು, ಯಾವ ಮಗ್ಗುಲು ಸವೆದದ್ದು ಎಂಬ ನಾಲ್ಕು ಮಾತು ಜೊತೆಗಿಲ್ಲದೆ ಹುಟ್ಟು ಮನೆ ಬಿಟ್ಟು ಹೋದರೆ ಅದು ಬರೀ ಕಟ್ಟಿಗೆ.

ಹುಟ್ಟಿನ ಮೇಲೂ ಪುಸ್ತಕವೇ ಎಂದು ಕೇಳುವವರಿದ್ದಾರೆ. ಈ ನಾಡಿನ ತೀರ ಹಳೆಯ ಗ್ರಂಥಗಳಲ್ಲೇ ಹುಟ್ಟಿನ ಅಳತೆ ಇದೆ. ರೋಣದಿಂದ ಉತ್ತರಕ್ಕೆ ಹೋಗಿ ಮಲಪ್ರಭೆ ದಾಟಿದರೆ ಬಾದಾಮಿ. ಅಲ್ಲಿಯ ಬಂಡೆಯ ಮೇಲೆ ಕ್ರಿ.ಶ. 543ರ ಶಾಸನವಿದೆ. ಒಂದನೆಯ ಪುಲಕೇಶಿ ಬೆಟ್ಟಕ್ಕೆ ಕೋಟೆ ಕಟ್ಟಿಸಿದ್ದನ್ನು, ಅಶ್ವಮೇಧ ಮಾಡಿದ್ದನ್ನು ಅದು ಹೇಳುತ್ತದೆ. ಯಜ್ಞವೆಂದ ಮೇಲೆ ತುಪ್ಪ ಎರೆಯುವ ಹುಟ್ಟುಗಳು ಬೇಕಲ್ಲ? ಅವು ಹೇಗಿರಬೇಕೆಂದು ಶ್ರೌತಸೂತ್ರಗಳು ಬಡಿಗನಿಗೆ ಹೇಳಿಕೊಡುವಷ್ಟು ಬಿಡಿಸಿ ಹೇಳುತ್ತವೆ. ಜುಹೂ ಎಂಬುದು ಮುತ್ತುಗದ್ದು, ಉಪಭೃತ್ ಅರಳಿಯದು, ಧ್ರುವಾ ವಿಕಂಕತದ್ದು, ಸ್ರುವ ಕಗ್ಗಲಿಯದು. ದೊಡ್ಡವು ತೋಳಿನುದ್ದ, ಸ್ರುವ ಮೊಳದುದ್ದ. ಬಟ್ಟಲು ಅಂಗೈಯಗಲ, ತುದಿ ಹಂಸದ ಕೊಕ್ಕಿನ ಹಾಗೆ. ಒಂದೊಂದಕ್ಕೆ ಒಂದೊಂದು ಗಿಡ, ಒಂದೊಂದು ಕೆಲಸ, ಇಡಲು ಒಂದೊಂದು ಜಾಗ.

ಆ ಹುಟ್ಟುಗಳಲ್ಲಿ ಹಳೆಯದೊಂದೂ ನಮ್ಮ ಕೈಗೆ ಸಿಗದಿರಲು ಕಾರಣವಿದೆ. ಅಗ್ನಿಹೋತ್ರ ಇಟ್ಟುಕೊಂಡವನು ತೀರಿಕೊಂಡಾಗ ಅವನ ಯಜ್ಞಪಾತ್ರೆಗಳನ್ನು ಅವನ ಮೈಮೇಲಿಟ್ಟೇ ದಹನ ಮಾಡಬೇಕೆಂದು ವಿಧಿ. ಜುಹೂ ಬಲಗೈಯಲ್ಲಿ, ಉಪಭೃತ್ ಎಡಗೈಯಲ್ಲಿ, ಸ್ರುವ ಮೂಗಿನ ಮೇಲೆ. ಜೀವಮಾನವೆಲ್ಲ ತುಪ್ಪ ಕುಡಿದ ಕಟ್ಟಿಗೆ, ಒಡೆಯನ ಜೊತೆಯಲ್ಲೇ ಉರಿದುಹೋಗುತ್ತಿತ್ತು. ಹುಟ್ಟು ಸುಟ್ಟಿತು, ಅದರ ಅಳತೆ ಹೇಳುವ ಗ್ರಂಥ ಉಳಿಯಿತು. ಹಾಗಾಗಿ ಇವತ್ತೂ ಒಬ್ಬ ಬಡಿಗ ಅದನ್ನು ಓದಿ ಜುಹೂ ಕೆತ್ತಬಲ್ಲ. ನಮ್ಮ ನುಚ್ಚಿನ ಹುಟ್ಟಿಗೆ ಈ ಭಾಗ್ಯವಿಲ್ಲ. ಅದರ ಮೇಲೆ ಬರೆಹ ಹುಟ್ಟಲಿಲ್ಲ, ಈಗ ಅದೂ ಒಲೆ ಸೇರುತ್ತಿದೆ.

ಕನ್ನಡದಲ್ಲಿ ಅಡುಗೆಯ ಬರೆಹಕ್ಕೆ ಬರವಿಲ್ಲ. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ' 1025ರದು. ಬಾವಿ ತೋಡುವ ಜಾಗ ಗುರುತಿಸುವುದು, ಗಿಡಮರಗಳ ಆರೈಕೆ, ಸುಗಂಧ, ವೈದ್ಯ ಇವುಗಳ ನಡುವೆ ಅದರಲ್ಲಿ ಅಡುಗೆಗೂ ಒಂದು ಅಧ್ಯಾಯವಿದೆ. ಚಾಲುಕ್ಯ ಇಮ್ಮಡಿ ಜಯಸಿಂಹನ ಕಾಲದ ಗ್ರಂಥ ಅದು. ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಎಂಬ ಸೀಮೆಯನ್ನು ಆಳುತ್ತಿದ್ದಳೆಂದು 1010ರ ಸೂಡಿಯ ಶಾಸನ ಹೇಳುತ್ತದೆ. ಸೂಡಿ ಎಂದರೆ ಗಜೇಂದ್ರಗಡದ ಪಕ್ಕದ ನಮ್ಮ ಸೂಡಿಯೇ. ಕನ್ನಡದ ಅಡುಗೆ ಶಾಸ್ತ್ರ ಬರೆಹಕ್ಕಿಳಿಯುತ್ತಿದ್ದ ತಲೆಮಾರಿನಲ್ಲಿ ಈ ನೆಲವನ್ನು ಆಳುತ್ತಿದ್ದವಳು ಒಬ್ಬ ಹೆಣ್ಣುಮಗಳು ಎಂಬುದು ನನಗೆ ಹೆಮ್ಮೆಯ ಸಂಗತಿ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲೇ ಬರೆದ. ರೊಟ್ಟಿ, ಪಾನಕ, ಬದನೆಯ ಬಗೆಗಳಿಗೆಲ್ಲ ಅಲ್ಲಿ ಪದ್ಯ ಸಿಕ್ಕಿತು. ಅಡುಗೆಯವರ ಕೈಲಿದ್ದ ಹುಟ್ಟಿಗೆ ಒಂದು ಅಧ್ಯಾಯ ಸಿಗಲಿಲ್ಲ.

ಮಹಾಭಾರತ ಒಂದು ಕಡೆ ಹುಟ್ಟನ್ನು ಮರೆತಿಲ್ಲ. ವಿರಾಟನ ಅರಮನೆಗೆ ಭೀಮ ವಲಲನೆಂಬ ಅಡುಗೆಯವನ ವೇಷದಲ್ಲಿ ಬರುವಾಗ ಅವನ ಕೈಯಲ್ಲಿ ಕಡೆಯುವ ಕೋಲು, ಹುಟ್ಟು, ಕರಿ ಕಬ್ಬಿಣದ ಕತ್ತಿ ಇರುತ್ತವೆ ಎನ್ನುತ್ತಾನೆ ವ್ಯಾಸ. ಗದೆ ಬಚ್ಚಿಟ್ಟ ಮೇಲೆ ಭೀಮನ ಗುರುತಿಗೆ ಉಳಿದದ್ದು ಹುಟ್ಟು. ವಲಲನ ಕಥೆಯನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದ ಕುಮಾರವ್ಯಾಸ ನಮ್ಮ ಗದುಗಿನ ವೀರನಾರಾಯಣನ ಕವಿ. ಗಮಕಿಗಳು ಆ ಭಾಗ ಓದುವಾಗ ಕೇಳುವವರು ಇನ್ನೊಮ್ಮೆ ಭೀಮನ ಕೈ ನೋಡಲಿ ಎಂದು ನನ್ನಾಸೆ.

ಇನ್ನು ನಮ್ಮ ಒಲೆಯ ಮುಂದೆ ಬರೋಣ. ನಮ್ಮದು ಎರಿ ಭೂಮಿ, ಬಿಳಿಜೋಳದ ಸೀಮೆ. ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟಿಲ್ಲ. ಕುದಿಯುವ ಎಸರು ಬಿದ್ದಾಗಲೇ ಅದು ಹಿಡಿತಕ್ಕೆ ಬರುವುದು. ಕುದಿಯುವ ನೀರಿಗೆ ಕೈ ಹಾಕಲಾಗದು. ಹಾಗಾಗಿ ಮೊದಲು ಕಲಸುವುದು ಹುಟ್ಟು, ಆಮೇಲೆ ನಾದುವುದು ಅಂಗೈ. ನುಚ್ಚು ತಳ ಹಿಡಿಯದ ಹಾಗೆ ತಿರುವುತ್ತಲೇ ಇರಬೇಕು. ಅಂಬಲಿ ಗಂಟು ಕಟ್ಟಬಾರದು. ಹುಗ್ಗಿಯಲ್ಲಿ ಬೆಲ್ಲ ಕರಗುವ ಹೊತ್ತಿಗೆ ಕೈ ಬಿಟ್ಟರೆ ಸೀದು ಹೋಗುತ್ತದೆ. ಈ ಮೂರಕ್ಕೂ ಒಂದೇ ಹುಟ್ಟು ನಡೆಯದು. ನುಚ್ಚಿನದು ಚಪ್ಪಟೆ, ತುದಿ ಅಗಲ. ಅಂಬಲಿಯದಕ್ಕೆ ಸ್ವಲ್ಪ ತಗ್ಗು. ಸಾರು ಬಡಿಸುವ ಸವಟಿಗೆ ಆಳವಾದ ಬಟ್ಟಲು. ಜಾತ್ರೆಯ ದಾಸೋಹದ ಕೊಪ್ಪರಿಗೆಗೆ ಆಳೆತ್ತರದ ಹುಟ್ಟು ಬೇಕು. ನಿಂತು ಎರಡೂ ಕೈಯಲ್ಲಿ ಹಿಡಿದು, ಸೊಂಟದ ಬಲದಿಂದ ತಿರುವುವಂಥದ್ದು. ಹಾಲಕೆರೆಯಲ್ಲಿ ಅನ್ನದಾನೇಶ್ವರನ ಹೆಸರಿನ ಮಠವಿರುವ ಸೀಮೆ ನಮ್ಮದು. ಅನ್ನ ನೀಡುವುದನ್ನೇ ದೇವರ ಹೆಸರಾಗಿ ಇಟ್ಟುಕೊಂಡವರು ನೀಡುವ ಸಲಕರಣೆಯನ್ನು ಹಗುರಾಗಿ ಕಾಣುವುದು ಸರಿಯಲ್ಲ.

ಲೋಹ ಬಿಟ್ಟು ಕಟ್ಟಿಗೆಯನ್ನೇ ಏಕೆ ಹಿಡಿದರು ಎಂಬುದಕ್ಕೆ ಬಡತನವೊಂದೇ ಉತ್ತರವಲ್ಲ. ಕುಂಬಾರರ ಗಡಿಗೆಯ ತಳವನ್ನು ಕಬ್ಬಿಣದ ಸವಟಿನಿಂದ ಕೆರೆದರೆ ಗಡಿಗೆ ಬಾಳುವುದಿಲ್ಲ. ಉಳ್ಳವರ ಮನೆಯ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಒಳಗೆ ತವರದ ಕಲಾಯಿ ಇರುತ್ತಿತ್ತು. ಲೋಹದ ಸವಟು ಆ ಕಲಾಯಿಯನ್ನು ಕೆರೆದು ಹಾಕಿದರೆ ಹುಣಸೆಹುಳಿ ನೇರವಾಗಿ ತಾಮ್ರಕ್ಕೆ ತಾಗಿ ಕಿಲುಬೇಳುತ್ತದೆ, ಸಾರು ವಿಷವಾಗುತ್ತದೆ. ಕಲಾಯಿಯವರು ಊರಿಗೆ ಬರುವುದು ಯಾವಾಗಲೊಮ್ಮೆ. ಅವರು ಮತ್ತೆ ಬರುವವರೆಗೆ ಪಾತ್ರೆಯನ್ನು ಕಾಯುತ್ತಿದ್ದದ್ದು ಕಟ್ಟಿಗೆ ಹುಟ್ಟು. ಅದರ ಹಿಡಿಯೂ ಬಿಸಿಯಾಗುವುದಿಲ್ಲ, ಒಲೆಯ ಮುಂದೆ ಎಷ್ಟು ಹೊತ್ತು ಹಿಡಿದರೂ ಕೈ ಸುಡುವುದಿಲ್ಲ.

ಅಂದರೆ ಗಡಿಗೆಯೂ ಕಲಾಯಿಯೂ ಇರುವಷ್ಟು ದಿನ ಹುಟ್ಟಿಗೆ ಕೆಲಸವಿತ್ತು. ಅಲ್ಯುಮಿನಿಯಂ ಬಂತು, ಆಮೇಲೆ ಸ್ಟೀಲು ಬಂತು. ಸ್ಟೀಲಿನ ಪಾತ್ರೆಯ ತಳವನ್ನು ಸ್ಟೀಲಿನ ಸವಟಿನಿಂದ ಎಷ್ಟು ಕೆರೆದರೂ ಪಾತ್ರೆಗೆ ಏನೂ ಆಗುವುದಿಲ್ಲ. ಅಲ್ಲಿಗೆ ಹುಟ್ಟು ಕಾಯಬೇಕಾದದ್ದು ಏನೂ ಉಳಿಯಲಿಲ್ಲ. ಇದೊಂದು ಕಡೆಯಾಯಿತು. ಇನ್ನೊಂದು ಕಡೆ ಕೆತ್ತುವವರ ಪಡಸಾಲೆಯಲ್ಲಿ ಏನಾಯಿತು ಎಂಬುದನ್ನೂ ಹೇಳಬೇಕು. ನಮ್ಮ ಊರುಗಳಲ್ಲಿ ಹುಟ್ಟು ಕೆತ್ತಲೆಂದೇ ಒಬ್ಬ ಕಸುಬುದಾರ ಇರಲಿಲ್ಲ. ರಂಟಿ, ಕುಂಟಿ, ಕೂರಿಗಿ, ಬಂಡಿ ಮಾಡುವ ಬಡಿಗೇರರೇ ಹುಟ್ಟನ್ನೂ ಕೆತ್ತುತ್ತಿದ್ದರು. ಬಿತ್ತುವಾಗ ಕಾಳು ಬಿಡುವ ಕೂರಿಗಿಯ ಬಟ್ಟಲು ತೋಡಿದ ಉಳಿಯಿಂದಲೇ ಸವಟಿನ ಬಟ್ಟಲನ್ನೂ ತೋಡುತ್ತಿದ್ದರು. ಒಕ್ಕಲಿಗರು ರಾಶಿಯ ದಿನ ಕಣದಲ್ಲಿ ಆಯ ಕೊಡುತ್ತಿದ್ದರು. ವರ್ಷದ ಆಯದಲ್ಲಿ ನೇಗಿಲ ದುರಸ್ತಿಯೂ ಬಂತು, ಮನೆಯವ್ವನಿಗೊಂದು ಹುಟ್ಟೂ ಬಂತು. ಹುಟ್ಟಿಗೆ ಬೇರೆ ಬೆಲೆ ಇರಲಿಲ್ಲ.

ಈಗ ಟ್ರ್ಯಾಕ್ಟರು ಉಳುತ್ತದೆ, ಕಬ್ಬಿಣದ ಕೂರಿಗಿ ಬಿತ್ತುತ್ತದೆ. ಬಡಿಗೇರರ ಅಂಗಳಕ್ಕೆ ಜಾಲಿಯ ದಿಮ್ಮಿ ಬರುವುದು ನಿಂತಿದೆ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟೆ ಕಟ್ಟಿದ ಮೇಲೆ ನರಗುಂದದ ಕಡೆ ಕಾಲುವೆ ನೀರು ಬಂತು, ಬೆಳೆ ಬದಲಾಯಿತು. ನೀರಿನ ಕರದ ವಿರುದ್ಧ 1980ರಲ್ಲಿ ನರಗುಂದದ ರೈತರು ಎದ್ದದ್ದನ್ನು ಇಲ್ಲಿ ಬಿಡಿಸಿ ಹೇಳಬೇಕಿಲ್ಲ, ಅದನ್ನು ಕಂಡವರೇ ಈ ಸಭೆಯಲ್ಲಿದ್ದೀರಿ. ಹೊಲದ ಬದಲಾವಣೆಯನ್ನು ನಾವು ಚರಿತ್ರೆ ಎಂದು ಬರೆದಿದ್ದೇವೆ. ಅದೇ ಬದಲಾವಣೆ ಅಡುಗೆಮನೆಗೆ ಬಂದಾಗ ಚರಿತ್ರೆ ಎನಿಸಲಿಲ್ಲ. ಪಡಿತರದ ಅಕ್ಕಿ ಬೇಯಿಸಲು ನುಚ್ಚಿನ ಹುಟ್ಟು ಬೇಡ. ಗಡಿಗೆ, ಕಲಾಯಿ, ಕೂರಿಗಿ, ಆಯ ಈ ನಾಲ್ಕು ಹೋದದ್ದರಿಂದ ಹುಟ್ಟು ಹೋಯಿತು. ಜನ ಮರೆತರು ಎಂದು ಸುಲಭವಾಗಿ ಹೇಳಿಬಿಡುವುದು ತಾಯಂದಿರಿಗೆ ಅನ್ಯಾಯ.

ಈಗ ಕೆತ್ತುವ ಕೈಯನ್ನು ಹತ್ತಿರದಿಂದ ನೋಡೋಣ. ರೋಣ ತಾಲೂಕಿನ ಒಂದು ಊರಿನಲ್ಲಿ ಹಿರಿಯ ಬಡಿಗೇರರೊಬ್ಬರು ನಾನು ಕೇಳಿಕೊಂಡದ್ದಕ್ಕೆ ಜಾಲಿಯ ಕೊಂಬೆಯಿಂದ ಒಂದು ಸವಟು ಕೆತ್ತಿ ತೋರಿಸಿದರು. ಕೊಂಬೆ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯಿತು. ನೆಟ್ಟನೆಯದನ್ನು ಬದಿಗಿಟ್ಟು, ಮೊಣಕೈಯ ಹಾಗೆ ತಾನಾಗಿ ಬಾಗಿದ್ದನ್ನು ಹಿಡಿದರು. ಬಾಗು ಇರುವಲ್ಲಿ ಕಟ್ಟಿಗೆಯ ಎಳೆಯೂ ಬಾಗಿಕೊಂಡೇ ಬಂದಿರುತ್ತದೆ. ಹಿಡಿಯಿಂದ ಬಟ್ಟಲಿನವರೆಗೆ ಎಳೆ ತುಂಡಾಗದೆ ಹರಿದರೆ ಸವಟು ಕುತ್ತಿಗೆಯಲ್ಲಿ ಮುರಿಯುವುದಿಲ್ಲ. ನೆಟ್ಟನೆ ಹಲಗೆಯಿಂದ ಅದೇ ಆಕಾರ ಕೊಯ್ದರೆ ಎಳೆ ಅಡ್ಡ ತುಂಡಾಗುತ್ತದೆ, ಒಂದು ದಿನ ಹುಗ್ಗಿಯಲ್ಲೇ ಮುರಿಯುತ್ತದೆ.

ಕೊಂಬೆ ಹಸಿಯದೇ ಇತ್ತು. ಒಣಗಲು ಬಿಡಬೇಕಿತ್ತಲ್ಲವೇ ಎಂದು ಕೇಳಿದೆ. "ಹಸೀದು ಹೇಳಿದ ಮಾತ ಕೇಳತೈತ್ರೀ ಸರ, ಒಣಗಿದ್ದು ಹಟಾ ಮಾಡತೈತಿ" ಎಂದರು. ಬೆಣೆ ಹೊಡೆದು ಕೊಂಬೆಯನ್ನು ನಟ್ಟನಡುವೆ ಸೀಳಿ, ನಡುವಿನ ತಿರುಳನ್ನು ಪೂರ್ತಿ ತೆಗೆದರು. ತಿರುಳು ಉಳಿದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಇದ್ದಲಿನಿಂದ ಗೆರೆ ಎಳೆದರು. ಆಮೇಲೆ ಬಾಚಿ. ಕಾಲ ಹೆಬ್ಬೆರಳಿನಿಂದ ಕಟ್ಟಿಗೆಯನ್ನು ಒತ್ತಿ ಹಿಡಿದು, ಬಾಚಿಯನ್ನು ಮೇಲಿನಿಂದ ಇಳಿಸುತ್ತಿದ್ದರೆ ಚಕ್ಕೆಗಳು ಒಂದೇ ದಪ್ಪದಲ್ಲಿ ಏಳುತ್ತಿದ್ದವು. ಬಟ್ಟಲಿನ ಹೊರಮೈ ರೂಪಕ್ಕೆ ಬರುವವರೆಗೆ ಒಳಗೆ ಕೈ ಹಚ್ಚಲಿಲ್ಲ. ಹೊರಗಿನದಾದ ಮೇಲೆ ಬಾಗಿದ ಬಾಯಿಯ ಉಳಿಯಿಂದ ಒಳಗೆ ತೋಡುತ್ತ, ಎರಡು ಬೆರಳ ನಡುವೆ ಹಿಡಿದು ದಪ್ಪ ನೋಡಿದರು. ಅಂಚು ತೆಳು, ತಳ ದಪ್ಪ. ಕುತ್ತಿಗೆಯ ಕೆಳಗೆ ಒಂದು ಸಣ್ಣ ಏರು ಬಿಟ್ಟರು. ಸವಟನ್ನು ಪಾತ್ರೆಯ ಅಂಚಿಗೆ ಆನಿಸಿ ಇಟ್ಟಾಗ ಒಳಗೆ ಜಾರಿ ಬೀಳದಿರಲಿ ಎಂದು. ಒಡೆದ ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿ, ನೆರಳಿನಲ್ಲಿ ಹೊಟ್ಟಿನ ಚೀಲದೊಳಗೆ ಹುಗಿದರು. ಬಿಸಿಲಿಗೆ ಇಟ್ಟರೆ ಹೊರಮೈ ಮೊದಲು ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ. ಆ ಜಗ್ಗಾಟದಲ್ಲಿ ಬಿರಿಯುತ್ತದೆ. ಒಣಗಿದ ಮೇಲೆ ಕುಸುಬಿ ಎಣ್ಣೆ ಉಜ್ಜಬೇಕೆಂದರು, ಇಲ್ಲವೆ ಅಗಸಿ ಎಣ್ಣೆ. ಎರಡೂ ಗಾಳಿಗೆ ಒಣಗಿ ಕಟ್ಟಿಗೆಯೊಳಗೆ ಗಟ್ಟಿಯಾಗುವ ಎಣ್ಣೆಗಳು, ಎರಡೂ ನಮ್ಮ ಎರಿಹೊಲದ ಬೆಳೆಗಳು.

ಬಾಚಿ ಹಿಡಿದ ಕೈ ಬರೆಯಲೂ ಬಲ್ಲದು ಎಂಬುದಕ್ಕೆ ಕನ್ನಡದಲ್ಲಿ ಸಾಕ್ಷಿ ಇದೆ. 12ನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯ ಇದ್ದ. ಅವನ ಪುಣ್ಯಸ್ತ್ರೀ ಕಾಳವ್ವೆಯೂ ವಚನಕಾರ್ತಿ. ಒಂದೇ ಮನೆಯಲ್ಲಿ ಬಾಚಿಯೂ ಇತ್ತು, ಬರೆಹವೂ ಇತ್ತು. ಆಮೇಲೆ ಎಂಟುನೂರು ವರ್ಷ ಬಡಿಗೇರರ ಕಸುಬಿನ ಮಾತು ಬಾಯಿಂದ ಬಾಯಿಗೇ ನಡೆದು ಬಂದದ್ದು ನಮ್ಮ ಓದುಬರೆಹದವರ ಕೊರತೆ. ಕೇಳಿ ಬರೆದುಕೊಳ್ಳಬೇಕಿದ್ದವರು ನಾವು.

ಬೇರೆ ದೇಶಗಳಲ್ಲಿ ಈ ಕೆಲಸ ಹೇಗೆ ನಡೆಯಿತು ಎಂದು ನೋಡಿದರೆ ಧೈರ್ಯ ಬರುತ್ತದೆ. ಸ್ವೀಡನ್ನಿನ ವಿಲ್ಲೆ ಸುಂಡ್‌ಕ್ವಿಸ್ಟ್ ಕೊಡಲಿ ಮತ್ತು ಚಾಕುವಿನಿಂದ ಕೆತ್ತುವ ತಮ್ಮ ಹಳ್ಳಿಯ ಕೈಚಳಕವನ್ನು ಪುಸ್ತಕ ಮಾಡಿದರು. 1990ರಲ್ಲಿ ಅದು ಇಂಗ್ಲಿಷಿಗೂ ಬಂತು. ಅದನ್ನು ತಿರುವಿದಾಗ ನನಗೆ ರೋಣದ ಅಂಗಳವೇ ಕಂಡಿತು. ಹಸಿ ಕಟ್ಟಿಗೆ, ತಾನಾಗಿ ಬಾಗಿದ ಕೊಂಬೆ, ತಿರುಳು ತೆಗೆಯುವುದು, ಕೊನೆಗೆ ಅಗಸಿ ಎಣ್ಣೆ. ಅಲ್ಲಿ ಬರ್ಚ್ ಮರ, ಇಲ್ಲಿ ಜಾಲಿ, ಅಷ್ಟೇ ಬೇರೆ. ನಮ್ಮ ಬಡಿಗೇರರು ಆ ಪುಸ್ತಕ ಓದಿದವರಲ್ಲ, ಸುಂಡ್‌ಕ್ವಿಸ್ಟ್ ನಮ್ಮ ಕಡೆ ಬಂದವರಲ್ಲ. ಕಟ್ಟಿಗೆಯ ಗುಣವೇ ಇಬ್ಬರಿಗೂ ಒಂದೇ ಪಾಠ ಹೇಳಿದೆ. ಆ ಒಂದು ಪುಸ್ತಕದಿಂದ ಊರೂರಿನ ಹೊಸ ತಲೆಮಾರು ಕೆತ್ತಲು ಕಲಿಯಿತು. ಇಂಗ್ಲೆಂಡಿನ ಈಡೇಲ್ ಎಂಬ ಹಳ್ಳಿಯಲ್ಲಿ 2012ರಲ್ಲಿ ಚಮಚ ಕೆತ್ತುವವರ ಮೇಳವೇ ಶುರುವಾಯಿತು.

ಕೂಡಿ ಹಾಕಿದವರ ಪುಸ್ತಕಗಳು ಇನ್ನೊಂದು ಬಗೆ. ಇಂಗ್ಲೆಂಡಿನ ಎಡ್ವರ್ಡ್ ಪಿಂಟೋ ದಂಪತಿ ಜೀವಮಾನವೆಲ್ಲ ಮನೆಬಳಕೆಯ ಕಟ್ಟಿಗೆ ಸಾಮಾನು ಕೂಡಿಸಿದರು. 1965ರಲ್ಲಿ ಆ ಸಂಗ್ರಹವನ್ನು ಬರ್ಮಿಂಗ್‌ಹ್ಯಾಮ್ ವಸ್ತುಸಂಗ್ರಹಾಲಯ ಕೊಂಡಿತು, 1969ರಲ್ಲಿ ಪಿಂಟೋ ಅದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ವೇಲ್ಸ್ ನಾಡಿನಲ್ಲಿ ಹುಡುಗ ತಾನು ಮೆಚ್ಚಿದ ಹುಡುಗಿಗೆ ಚಮಚ ಕೆತ್ತಿಕೊಡುವ ರೂಢಿಯಿತ್ತು. ಸೇಂಟ್ ಫಾಗನ್ಸ್ ವಸ್ತುಸಂಗ್ರಹಾಲಯದಲ್ಲಿ 1667ರ ಇಸವಿ ಕೊರೆದಿರುವ ಅಂಥದೊಂದು ಚಮಚ ಇದೆ. ಕೆತ್ತಿದವನು ಇಸವಿ ಕೊರೆದದ್ದರಿಂದಲ್ಲವೇ ಇವತ್ತು ಅದು ಇಸವಿಯಿರುವ ವೇಲ್ಸಿನ ಚಮಚಗಳಲ್ಲೆಲ್ಲ ಹಳೆಯದೆಂದು ಹೇಳಲಾಗುತ್ತಿರುವುದು? ಅಮೆರಿಕದ ಗ್ರಂಥಪಾಲಕ ನಾರ್ಮನ್ ಸ್ಟೀವನ್ಸ್ ತಮ್ಮ ಕಾಲದ ಕೆತ್ತನೆಗಾರರಿಂದಲೇ ಚಮಚ ಪಡೆದು, 2012ರಲ್ಲಿ ಅವುಗಳ ಪುಸ್ತಕ ತಂದರು. ಗ್ರಂಥಪಾಲಕರಿಗೆ ಒಂದು ಒಳ್ಳೆಯ ರೂಢಿಯಿರುತ್ತದೆ. ಪುಸ್ತಕಕ್ಕೆ ಲೇಖಕನಿರುವ ಹಾಗೆ ಚಮಚಕ್ಕೂ ಕೆತ್ತಿದವರ ಹೆಸರಿರಬೇಕು ಎಂಬ ಗೌರವ ಅದು. ಈ ಎಲ್ಲ ಪುಸ್ತಕಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ.

ನಮ್ಮ ದೇಶದಲ್ಲೂ ದಾರಿ ಹಾಕಿದವರಿದ್ದಾರೆ. 1958ರಲ್ಲಿ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ನಮ್ಮ ತಂಬಿಗೆಯನ್ನು ಎತ್ತಿ ಹಿಡಿದರು. ಯಾವ ಒಬ್ಬನೂ ಅದನ್ನು ರೂಪಿಸಲಿಲ್ಲ, ತಲೆಮಾರುಗಳ ಕೈ ರೂಪಿಸಿತು ಎಂಬುದು ಅವರ ವಾದ. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅದೇ ಊರಿನ ವಿಶಾಲಾದಲ್ಲಿ 1981ರಲ್ಲಿ ಪಾತ್ರೆಪಡಗಗಳಿಗೆಂದೇ ವಸ್ತುಸಂಗ್ರಹಾಲಯ ತೆರೆಯಿತು. ಜ್ಯೋತೀಂದ್ರ ಜೈನ್ ಅದರ ಮೇಲೆ ಪುಸ್ತಕ ಬರೆದರು. ಪುಣೆಯಲ್ಲಿ ದಿನಕರ ಕೇಳಕರರು ಅಡುಗೆಮನೆಯ ಸಾಮಾನುಗಳನ್ನು ಊರೂರು ಅಲೆದು ತಂದರು. ಕರ್ನಾಟಕದಲ್ಲಿ ಪಿ.ಆರ್. ತಿಪ್ಪೇಸ್ವಾಮಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ದುಡಿದರು, ಎಚ್.ಎಲ್. ನಾಗೇಗೌಡರು ರಾಮನಗರದಲ್ಲಿ ಜಾನಪದ ಲೋಕ ಕಟ್ಟಿದರು. ಇವರೆಲ್ಲ ಇಲ್ಲದಿದ್ದರೆ ತೋರಿಸಲು ನಮ್ಮ ಬಳಿ ಅಷ್ಟೂ ಇರುತ್ತಿರಲಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ಕೂಡಿಡುವುದರಲ್ಲಿ ಹಿತ್ತಾಳೆಗೆ ಸಿಕ್ಕ ಮನ್ನಣೆ ಕಟ್ಟಿಗೆಗೆ ಸಿಕ್ಕಿಲ್ಲ. ಕೂಸಿಗೆ ಹಾಲು ಹಾಕುವ ಒಳಲೆ, ಹಿಡಿಯಲ್ಲಿ ಹಾವಿನ ಹೆಡೆಯಿರುವ ಉದ್ಧರಣೆ, ಇವಕ್ಕೆ ಹಳೆ ಸಾಮಾನಿನ ಅಂಗಡಿಯಲ್ಲಿ ಬೆಲೆಯಿದೆ, ಹಾಗಾಗಿ ಉಳಿದಿವೆ. ಕೊಪ್ಪಳದ ಕಿನ್ನಾಳದ ಗೊಂಬೆಗೆ ಬಣ್ಣವಿದೆ, ಹೆಸರಿದೆ, ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ, ಆಗಬೇಕಾದದ್ದೇ ಅದು. ನುಚ್ಚಿನ ಹುಟ್ಟಿಗೆ ಬಣ್ಣವಿಲ್ಲ, ತೂಕಕ್ಕೆ ಹಾಕಿದರೆ ಬೆಲೆಯಿಲ್ಲ. ಈಚೆಗೆ ನಗರದ ಹೋಟೆಲುಗಳ ಗೋಡೆಗೆ ನೇತು ಹಾಕಲು ಹಳ್ಳಿಯ ಹಳೆ ಹುಟ್ಟುಗಳನ್ನು ಸ್ಟೀಲ್ ಪಾತ್ರೆಗೆ ಬದಲು ಕೊಂಡೊಯ್ಯುವವರು ಬರುತ್ತಿದ್ದಾರೆ. ಒಯ್ದವರು ಅದಕ್ಕೆ ವಾರ್ನಿಶ್ ಹಚ್ಚುತ್ತಾರೆ. ಅರವತ್ತು ವರ್ಷದ ಹೊಗೆ, ಎಣ್ಣೆ, ಕೈಬೆವರು ಸೇರಿ ಕೊಟ್ಟ ಬಣ್ಣ ಅದರಡಿ ಮುಚ್ಚಿಹೋಗುತ್ತದೆ. ನನಗೆ ಇದು ಶಾಸನದ ಮೇಲೆ ಸುಣ್ಣ ಬಳಿದಷ್ಟೇ ನೋವು.

ಶಾಸನ ಎಂದು ಸುಮ್ಮನೆ ಹೇಳಲಿಲ್ಲ. ಗಜೇಂದ್ರಗಡದ ಕಡೆಯ ಒಂದು ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಬಂದ ನುಚ್ಚಿನ ಹುಟ್ಟೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅದರ ತುದಿ ಓರೆಯಾಗಿ ಸವೆದಿತ್ತು. ಬಲಗೈಯವರ ಹುಟ್ಟು ಒಂದು ಮಗ್ಗುಲಿಗೆ ಸವೆಯುತ್ತದೆ, ಎಡಗೈಯವರದು ಇನ್ನೊಂದಕ್ಕೆ. ಈ ಹುಟ್ಟಿನಲ್ಲಿ ಎರಡೂ ಇದ್ದವು. ದೊಡ್ಡ ಸವೆತ ಒಂದು ಕಡೆ, ಅದರ ಎದುರಿಗೆ ಹೊಸದಾದ ಚಿಕ್ಕ ಸವೆತ. "ನಮ್ಮತ್ತಿ ಬಲಗೈಲೆ ತಿರುವತಿದ್ರು, ನಾ ಎಡಚಿ" ಎಂದರು ಆ ತಾಯಿ. ಅತ್ತೆ ತೀರಿಕೊಂಡ ಮೇಲೆ ಹುಟ್ಟು ಕೈ ಬದಲಿಸಿದ್ದು ಆ ಅಂಚಿನಲ್ಲಿ ಇತ್ತು. ಗಡಿಗೆಯ ತಳ ಎಷ್ಟು ಗುಂಡಗಿತ್ತು ಎಂಬುದೂ ಅದೇ ಅಂಚಿನಲ್ಲಿ ಇತ್ತು, ಏಕೆಂದರೆ ಸವೆದ ತುದಿ ಆ ತಳಕ್ಕೆ ಸರಿಯಾಗಿ ಕೂಡುವಷ್ಟು ಬಾಗಿತ್ತು. ಗಡಿಗೆ ಒಡೆದು ಎಷ್ಟೋ ಕಾಲವಾಗಿದೆ. ಹಿಡಿಯ ತುದಿಯಲ್ಲಿ ಅಡ್ಡ ಗೀಟುಗಳಿದ್ದವು. ಅವು ಕೂಲಿಯಾಳಿಗೆ ಅಳೆದ ಜೋಳದ ಲೆಕ್ಕವಂತೆ. ಇದ್ದಲು ಅಳಿಸಿ ಹೋಗುತ್ತದೆ ಎಂದು ಕುಡಗೋಲಿನಿಂದ ಗೀರಿದ್ದರಂತೆ. ಇಷ್ಟನ್ನು ಆ ತಾಯಿ ಹೇಳದಿದ್ದರೆ ಹುಟ್ಟೊಂದನ್ನೇ ನೋಡಿ ನಾನು ಓದಲಾಗುತ್ತಿರಲಿಲ್ಲ.

ಬಡಿಸುವವರು ನಮ್ಮವರಾದರೆ ಪಂಕ್ತಿಯ ಕೊನೆಗೆ ಕೂತರೂ ಚಿಂತೆಯಿಲ್ಲ ಎನ್ನುತ್ತದೆ ನಮ್ಮ ಗಾದೆ. ಚರಿತ್ರೆಯ ಪಂಕ್ತಿಯಲ್ಲಿ ಒಲೆಯ ಮುಂದಿನವರೂ ಬಾಚಿಯವರೂ ಕೊನೆಗೇ ಕೂತಿದ್ದಾರೆ, ಬಡಿಸುವ ಕೆಲಸ ನಮ್ಮದಾಗಿದೆ. ಹೊಳೆಆಲೂರಿನ ಹೆಸರು ಹೊತ್ತ ಆಲೂರ ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ' ಬರೆದಾಗ ನಾವು ದಿನಾ ನೋಡುತ್ತಿದ್ದ ಕಲ್ಲುಗಳನ್ನೇ ಹೊಸ ಕಣ್ಣಿನಿಂದ ಕಂಡೆವು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಗಲ್ಲಿಗೇರಿದ ನರಗುಂದದ ಬಾಬಾಸಾಹೇಬ ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವನ್ನೇ ಇಟ್ಟುಕೊಂಡಿದ್ದ ಅರಸ. ಪುಸ್ತಕದ ಬೆಲೆ ಈ ಸೀಮೆಗೆ ಗೊತ್ತಿಲ್ಲದ್ದಲ್ಲ. ಹುಟ್ಟನ್ನೇ ವಿಷಯವಾಗಿ ತೆಗೆದುಕೊಂಡ ಕನ್ನಡ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಅದು ಈ ಮೂರು ತಾಲೂಕಿನಿಂದ ಬರಲಿ.

ಕೆಲಸ ಹೇಗಿರಬೇಕೆಂದು ಬಿಡಿಸಿ ಹೇಳಿ ಮುಗಿಸುತ್ತೇನೆ. ರೋಣ, ನರಗುಂದ, ಗಜೇಂದ್ರಗಡದ ಕಾಲೇಜುಗಳಲ್ಲಿ ಕನ್ನಡ ಮತ್ತು ಇತಿಹಾಸ ಓದುವ ಮಕ್ಕಳು ತಮ್ಮ ತಮ್ಮ ಓಣಿಯಿಂದಲೇ ಶುರು ಮಾಡಲಿ. ಒಂದು ಹುಟ್ಟಿಗೆ ಎರಡು ಪುಟ. ಒಂದು ಪುಟದಲ್ಲಿ ಹುಟ್ಟನ್ನು ಹಾಳೆಯ ಮೇಲಿಟ್ಟು ಅದರ ಸುತ್ತ ಎಳೆದ ಗೆರೆ, ಇದ್ದಷ್ಟೇ ಅಳತೆಗೆ. ಜೊತೆಗೆ ಮಗ್ಗುಲಿನಿಂದ ತೆಗೆದ ಒಂದು ಫೋಟೋ. ದೊಡ್ಡದಾದರೆ ಹಾಳೆ ಜೋಡಿಸಿಕೊಳ್ಳಲಿ. ಎದುರು ಪುಟದಲ್ಲಿ ಬರೆಹ. ಗಿಡ ಯಾವುದು, ತೂಕವೆಷ್ಟು, ಕೆತ್ತಿದವರು ಯಾರು, ಆಯದಲ್ಲಿ ಬಂತೋ ಜಾತ್ರೆಯಲ್ಲಿ ಕೊಂಡದ್ದೋ, ಯಾವ ಅಡುಗೆಗೆ, ಯಾವ ಪಾತ್ರೆಗೆ, ಯಾರ ಕೈಯಿಂದ ಯಾರ ಕೈಗೆ ಬಂತು. ತಾಯಂದಿರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು, ತಿದ್ದಬಾರದು. ಹೆಸರು ಹಾಕಲು ಒಪ್ಪದವರ ಹೆಸರು ಬೇಡ, ಊರು ಸಾಕು. ಹುಟ್ಟನ್ನು ಯಾರೂ ಕೇಳಿ ತರಬಾರದು. ಬರೆದುಕೊಂಡು ಅಲ್ಲೇ ಬಿಟ್ಟು ಬರಬೇಕು.

ಬಡಿಗೇರರದೇ ಒಂದು ಭಾಗ ಬೇರೆ ಇರಲಿ. ಕೊಂಬೆ ಆರಿಸುವುದರಿಂದ ಎಣ್ಣೆ ಉಜ್ಜುವವರೆಗೆ ಒಂದು ಹುಟ್ಟು ಆಗುವುದನ್ನು ಹಂತ ಹಂತವಾಗಿ ಚಿತ್ರ ಸಹಿತ ಬರೆಯಬೇಕು. ಓದಿ ನೋಡಿ ಹೊಸಬರೂ ಕೆತ್ತುವಷ್ಟು ಬಿಚ್ಚಿ ಬರೆಯಬೇಕು. ಅದನ್ನು ಹೇಳಿಕೊಟ್ಟ ಬಡಿಗೇರರು ಒಪ್ಪಿದರೆ ಅವರ ಹೆಸರು ಲೇಖಕರ ಸಾಲಿನಲ್ಲೇ ಅಚ್ಚಾಗಬೇಕು, ಕೃತಜ್ಞತೆಯ ಪುಟದಲ್ಲಲ್ಲ. ಅವರು ಕಳೆದ ದಿನಗಳಿಗೆ ಕೂಲಿ ಕೊಡಬೇಕು. ಈ ದತ್ತಿಯ ಹಿರಿಯರು ಬರುವ ವರ್ಷದ ಬಡ್ಡಿಯನ್ನು ಇದಕ್ಕೆ ಎತ್ತಿಡುವುದಾದರೆ ಉಪನ್ಯಾಸಕ್ಕೆಂದು ನನಗೆ ಕೊಟ್ಟ ಸಂಭಾವನೆಯೂ ಅದಕ್ಕೇ ಸೇರಲಿ. ಅಚ್ಚಾದ ಮೊದಲ ಪ್ರತಿಗಳು ಹುಟ್ಟು ತೋರಿಸಿದ ಮನೆಗಳಿಗೂ ಕೆತ್ತಿದವರ ಮನೆಗಳಿಗೂ ಹೋಗಲಿ, ಗ್ರಂಥಾಲಯಗಳಿಗೆ ಆಮೇಲೆ ಕೊಡೋಣ.